ಟವಲ್ ಕೆಳಗಿನ ಮಿಲ್ಲು

ನನ್ನ ಸೊಸೆ ಶನಿವಾರ, ಭಾನುವಾರ ಮಹಡಿಯ ಕೋಣೆಯ ಬಾಗಿಲು ಹಾಕಿಕೊಳ್ಳಲು ಶುರು ಮಾಡಿದಾಗ ನಾನು ಏನೂ ಕೇಳಲಿಲ್ಲ. ಕೇಳದೆ ಗಮನಿಸುವುದು ನನ್ನ ಪದ್ಧತಿ. ನಾನು ಮಠದ ಹಾಸ್ಟೆಲ್ಲಿನಲ್ಲಿ ಬೆಳೆದವನು. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು. ಯಾರ ತಟ್ಟೆಯಲ್ಲಿ ಏನು ಉಳಿಯಿತು ಎಂಬುದು ವಾರ್ಡನ್ನರಿಗೆ ಗೊತ್ತಿರುತ್ತಿತ್ತು. ಆಮೇಲೆ ಚಳ್ಳಕೆರೆಯಲ್ಲಿ ನಮ್ಮ ಎಣ್ಣೆ ಮಿಲ್ಲನ್ನು ನಡೆಸಿದ್ದೂ ಅದೇ ರೀತಿ. ಸೈರನ್ ಆದ ಮೇಲೆ ಬಂದ ಹಮಾಲ ಗೇಟಿನ ಹೊರಗೇ ನಿಲ್ಲಬೇಕು. ಬೆಳಿಗ್ಗೆ ಮೊದಲು ಗೋದಾಮು ನೋಡುವುದು, ನಂತರ ಯಂತ್ರ, ನಂತರ ಹಿಂಡಿಯ ರಾಶಿ, ಕೊನೆಗೆ ಕಾಫಿ. ಮಿಲ್ಲು ನನ್ನ ಕೈ ಬಿಟ್ಟ ಮೇಲೂ ಈ ಸುತ್ತು ತಪ್ಪಿಸಿಲ್ಲ.

ಮಿಲ್ಲು ಈಗ ಸೊಸೆಯ ಕೈಯಲ್ಲಿದೆ. ಮಗ ಪಶುವೈದ್ಯ. ಕುರಿಯ ವಾಸನೆ ಎಷ್ಟಾದರೂ ಸಹಿಸುತ್ತಾನೆ, ಎಣ್ಣೆಯ ವಾಸನೆ ಬಂದರೆ ಹಣೆ ಹಿಡಿದುಕೊಳ್ಳುತ್ತಾನೆ. ಸೊಸೆ ದಾವಣಗೆರೆಯ ಹುಡುಗಿ. ಬಂದ ಮೂರನೆಯ ವರ್ಷಕ್ಕೇ ಯಂತ್ರದ ಸದ್ದು ಕೇಳಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವಷ್ಟಾಗಿದ್ದಳು. ಅವಳ ಕೆಲಸದಲ್ಲಿ ನನಗೆ ಅನುಮಾನವಿರಲಿಲ್ಲ. ಅನುಮಾನ ಬಂದದ್ದು ಆ ಮುಚ್ಚಿದ ಬಾಗಿಲಿನಿಂದ.

ಮೆಟ್ಟಿಲ ಮೇಲೆ ನಿಂತರೆ ಒಳಗಿನ ಮಾತು ಅಲ್ಪಸ್ವಲ್ಪ ಕೇಳಿಸುತ್ತಿತ್ತು. ಇಂಗ್ಲಿಷಿನಲ್ಲಿ ಯಾರೋ ಗಂಡಸು, ನಂತರ ಯಾರೋ ಹೆಂಗಸು, ನಡುವೆ ಸೊಸೆ. ಮಾರುಕಟ್ಟೆ ಪ್ರವೇಶ, ಪಾಲುದಾರಿಕೆ, ನಿರ್ಗಮನ. ಮೊದಲಿನ ಎರಡು ಪದಗಳು ನನ್ನನ್ನು ಕಾಡಲಿಲ್ಲ. ಮೂರನೆಯದು ಕಾಡಿತು. ಎಲ್ಲಿಂದ ನಿರ್ಗಮನ?

"ಅವಳು ಓದ್ತಾಳೆ ಕಣ್ರೀ," ಎಂದಳು ನನ್ನ ಹೆಂಡತಿ.

"ನಲವತ್ತು ದಾಟಿದ ಮ್ಯಾಲೆ ಎಂಥಾ ಓದು?"

"ನಿಮಗೆ ಎಪ್ಪತ್ತು ದಾಟಿದ ಮ್ಯಾಲೂ ಅನುಮಾನ ಐತಲ್ಲ, ಹಂಗೆ."

ಓದು ಎಂದರೆ ಇದು. ಈಗಾಗಲೇ ಹುದ್ದೆಯಲ್ಲಿರುವ, ವ್ಯವಹಾರ ನಡೆಸುತ್ತಿರುವ ದೊಡ್ಡವರಿಗಾಗಿಯೇ ಇರುವ ಎಕ್ಸಿಕ್ಯುಟಿವ್ ಕೋರ್ಸು. ಒಂದು ದೇಶದ ವ್ಯಾಪಾರವನ್ನು ಇನ್ನೊಂದು ದೇಶಕ್ಕೆ ಒಯ್ಯುವುದು ಹೇಗೆ ಎಂಬುದು ಪಾಠ. ಮೇಷ್ಟ್ರು ಯಾವುದೋ ದೇಶದಲ್ಲಿ ಕೂತು ಪರದೆಯ ಮೇಲೆ ಹೇಳುತ್ತಾರೆ, ವಿದ್ಯಾರ್ಥಿಗಳು ಅವರವರ ಊರಿನಲ್ಲಿ ಕೂತು ವಾದ ಮಾಡುತ್ತಾರೆ. ಕೊನೆಯಲ್ಲಿ ಪರೀಕ್ಷೆಯ ಬದಲು ಕನ್ಸಲ್ಟಿಂಗ್ ಪ್ರಾಜೆಕ್ಟು. ನಾಲ್ಕು ಜನರ ತಂಡ ಒಂದು ನಿಜವಾದ ಕಂಪನಿಗೆ ಹೋಗಿ, ಎಲ್ಲ ನೋಡಿ, ಹೊರದೇಶದಲ್ಲಿ ಅದು ಹೇಗೆ ಬೆಳೆಯಬಹುದು ಎಂದು ಸಲಹೆ ಕೊಡಬೇಕು. ಸಲಹೆ ಪುಕ್ಕಟೆ. ಫೀಸು ಕಟ್ಟಿ ಕಲಿಯುವವರು ಪುಕ್ಕಟೆ ಸಲಹೆ ಕೊಡುತ್ತಾರೆ ಎಂದರೆ ಅದರ ಬೆಲೆಯನ್ನು ಬೇರೆ ಯಾರೋ ಕಟ್ಟುತ್ತಿರಬೇಕು ಎಂದು ನಾನು ಅಂದುಕೊಂಡೆ.

ಸೊಸೆಯ ತಂಡ ಆರಿಸಿಕೊಂಡ ಕಂಪನಿ ನಮ್ಮ ಮಿಲ್ಲು. ನನಗೆ ಇದು ಗೊತ್ತಾದದ್ದು ಅವರು ಬರುವುದಕ್ಕೆ ಎರಡೇ ದಿನ ಮುಂಚೆ, ಅದೂ ಅತಿಥಿಗಳ ಹಾಸಿಗೆ ಬಿಸಿಲಿಗೆ ಹಾಕಿದ್ದನ್ನು ನೋಡಿ ಕೇಳಿದ ಮೇಲೆ.

ಬಂದವರು ಮೂವರು. ಮುಂಬಯಿಯ ಬ್ಯಾಂಕಿನ ಒಬ್ಬ ಅಧಿಕಾರಿ, ತೆಳ್ಳಗೆ, ಬಾಟಲಿ ನೀರು ಬಿಟ್ಟು ಬೇರೇನೂ ಮುಟ್ಟದವನು. ನೈರೋಬಿಯ ಒಬ್ಬ ಹೆಣ್ಣುಮಗಳು, ಅಲ್ಲಿ ಚಹಾ ರಫ್ತಿನ ಕೆಲಸ, ಬಂದ ತಕ್ಷಣ ನನ್ನ ಹೆಂಡತಿಯ ಜೊತೆ ಅಡುಗೆಮನೆಗೆ ಹೋಗಿ ರೊಟ್ಟಿ ತಟ್ಟಲು ಕೂತಳು. ಮೂರನೆಯವನು ಹೈದರಾಬಾದಿನವನು. ಯಾವುದೋ ದೊಡ್ಡ ಆಹಾರ ಕಂಪನಿಯಲ್ಲಿ ಮ್ಯಾನೇಜರು. ನಗುಮುಖದ ಮನುಷ್ಯ. ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಹೊರಗಿನವನು ಮೊದಲ ದಿನವೇ ಕಾಲು ಮುಟ್ಟಿದರೆ ನಾನು ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇನೆ.

ಅವನು ಎಣ್ಣೆಯ ಬಗ್ಗೆ ಹೆಚ್ಚು ಕೇಳಲಿಲ್ಲ. ಕಾಂಪೌಂಡಿನ ಹಿಂದಿನ ಜಾಗ ಯಾರದು ಎಂದು ಕೇಳಿದ. ಬೋರ್‌ವೆಲ್ ಎಷ್ಟು ಆಳ ಎಂದ. ವರವು ಕಾವಲಿನ ಹುಲ್ಲುಗಾವಲಿಗೆ ಬೇಲಿ ಹಾಕಿ ಸರ್ಕಾರದ ಹೊಸ ಕಟ್ಟಡಗಳು ಬಂದ ಮೇಲೆ ಊರಿನ ಈ ಬದಿಯ ಜಮೀನಿನ ಬೆಲೆ ಏನಾಗಿದೆ ಎಂದು ವಿಚಾರಿಸಿದ. ಹಮಾಲರ ಜೊತೆ ತೆಲುಗಿನಲ್ಲಿ ಮಾತಾಡಿದ. ನಮ್ಮ ಹಮಾಲರಲ್ಲಿ ಅರ್ಧ ಜನ ಆಂಧ್ರದ ಗಡಿಯ ಕಡೆಯವರು, ಅವರಿಗೆ ಖುಷಿಯೋ ಖುಷಿ. ಸಂಜೆಯೊಳಗೆ ಅವರೆಲ್ಲ ಅವನಿಗೆ ಅಣ್ಣತಮ್ಮಂದಿರು.

"ಏನ್ಲೇ ಕೇಳ್ದ ನಿನ್ನ?" ಎಂದು ಮೇಸ್ತ್ರಿಯನ್ನು ಕರೆದು ಕೇಳಿದೆ.

"ಏನಿಲ್ಲ ಸಾವ್ಕಾರ್ರೆ. ಮಿಲ್ ನಿಂತ್ರೆ ಎಲ್ಲಿಗೆ ಹೋಗ್ತೀರಿ ಅಂದ."

"ನಿಲ್ತೈತೆ ಅಂತ ಯಾರು ಹೇಳಿದ್ರು?"

"ನಿಂತ್ರೆ ಅಂದ ಅಷ್ಟೇ. ಮಳೆ ಬಂದ್ರೆ ಅಂದಂಗೆ."

ಮರುದಿನ ಎಲ್ಲರೂ ಮೊಳಕಾಲ್ಮೂರಿನ ಕಡೆ ಹೊರಟೆವು. ಶೇಂಗಾ ಎಲ್ಲಿಂದ ಬರುತ್ತದೆ ಎಂಬುದನ್ನು ತಂಡ ನೋಡಬೇಕಿತ್ತು. ದಾರಿಯಲ್ಲಿ ಸಿಗುವ ತಳಕಿನಲ್ಲಿ ಇಳಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮುಂಬಯಿಯವನೂ ಧೈರ್ಯ ಮಾಡಿ ಒಂದು ಮೆಣಸಿನಕಾಯಿ ತಿಂದ. ಜೀಪಿನಲ್ಲಿ ಸೊಸೆ ಅವರಿಗೆ ನಮ್ಮ ಪದ್ಧತಿಯನ್ನು ವಿವರಿಸುತ್ತಿದ್ದಳು. ರೈತ ಶೇಂಗಾ ತಂದು ನಮ್ಮ ಗೋದಾಮಿಗೆ ಹಾಕಿ ಹೋಗುತ್ತಾನೆ. ದರವನ್ನು ಅಂದೇ ಕಟ್ಟಬೇಕೆಂದಿಲ್ಲ. ಅವನಿಗೆ ಬೇಕೆನಿಸಿದ ದಿನ ಬಂದು, ಆ ದಿನದ ಪೇಟೆ ದರಕ್ಕೆ ನಮಗೆ ಮಾರುತ್ತಾನೆ. ಅಲ್ಲಿಯ ತನಕ ಗೋದಾಮು ನಮ್ಮದು, ಚೀಲ ಅವನದು. ಅದರಲ್ಲಿ ಒಂದು ಕಾಯನ್ನೂ ನಾವು ಒಡೆಯುವುದಿಲ್ಲ. ಬ್ಯಾಂಕಿನವನು ಇದಕ್ಕೆ ಕರಾರು ಎಲ್ಲಿದೆ ಎಂದ. ಇಲ್ಲ ಎಂದಳು. ರೈತ ಚೀಲ ವಾಪಸು ಒಯ್ದರೆ? ಒಯ್ಯಬಹುದು, ಆದರೆ ಯಾರೂ ಒಯ್ದಿಲ್ಲ, ಒಯ್ದರೆ ಆ ವರ್ಷ ಮಿಲ್ಲು ಇಲ್ಲ ಎಂದಳು. ಹೈದರಾಬಾದಿನವನು ಆಗ ಕಿಟಕಿಯ ಕಡೆಯಿಂದ ಮುಖ ತಿರುಗಿಸಿ ಅವಳನ್ನು ನೋಡಿದ. ನಾನು ಅವನನ್ನು ನೋಡಿದೆ.

ಅಶೋಕನ ಶಾಸನದ ಬ್ರಹ್ಮಗಿರಿ ಬೆಟ್ಟ ಕಾಣುವಷ್ಟು ದೂರದಲ್ಲಿರುವ ಒಂದು ಊರಿನ ಕಣಕ್ಕೆ ಹೋದೆವು. ನಮ್ಮ ದಲಾಲಿ ಇರುವುದು ಆ ಊರಿನಲ್ಲಿ. ಆ ಸೀಮೆಯ ಶೇಂಗಾ ಎಲ್ಲ ಅವನ ಕೈಯಿಂದಲೇ ನಮಗೆ ಬರುವುದು. ಕನ್ನಡದಲ್ಲಿ ಮಾತು ಶುರು ಮಾಡಿ ತೆಲುಗಿನಲ್ಲಿ ಮುಗಿಸುವ ಮನುಷ್ಯ. ಇಪ್ಪತ್ತು ಮಂದಿ ರೈತರು ನೆರೆದಿದ್ದರು. ಚಹಾ ಬಂತು. ಅಷ್ಟರಲ್ಲಿ ತಳಕಿನ ಮೆಣಸಿನಕಾಯಿ ಮುಂಬಯಿಯವನ ಹೊಟ್ಟೆಯಲ್ಲಿ ಮಾತಾಡತೊಡಗಿತು. ಅವನನ್ನು ಜೀಪಿನಲ್ಲಿ ಕೂರಿಸಿಕೊಂಡು ಮೊಳಕಾಲ್ಮೂರಿನ ಔಷಧಿ ಅಂಗಡಿಗೆ ನಾನೇ ಹೋದೆ.

ನಾವು ತಿರುಗಿ ಬಂದಾಗ ಕಣ ತಣ್ಣಗಾಗಿತ್ತು. ಹೋಗುವಾಗ ನಗುತ್ತಿದ್ದವರು ಸುಮ್ಮನೆ ಕೂತಿದ್ದರು. ಇಬ್ಬರು ನನ್ನನ್ನು ಕಂಡು ಎದ್ದು ನಿಂತರು. ಸೊಸೆಯ ತೊಡೆಯ ಮೇಲೆ ಮಡಚಿದ ಹೊಸ ಟವಲ್ ಒಂದಿತ್ತು.

"ಸನ್ಮಾನ ಮಾಡಿದ್ರು ಮಾವ," ಎಂದು ನಕ್ಕಳು.

ದಲಾಲಿಯ ಕಡೆ ನೋಡಿದೆ. ಅವನು ಚಪ್ಪಲಿ ಹುಡುಕುತ್ತಿದ್ದ. ಪ್ರತಿ ಸಲ ಜೀಪಿನ ತನಕ ಬಂದು ಬಾಗಿಲು ಹಾಕಿ ಕಳಿಸುವವನು ಅಂದು ಕಣದಲ್ಲೇ ಉಳಿದ. ನಮ್ಮ ದಲಾಲಿ ಯಾರಿಗೂ ಬಿಟ್ಟಿ ಟವಲ್ ಕೊಟ್ಟವನಲ್ಲ. ದಾರಿಯುದ್ದಕ್ಕೂ ನಾನು ಅದನ್ನೇ ಯೋಚಿಸಿದೆ. ಹೈದರಾಬಾದಿನವನು ಹಿಂದಿನ ಸೀಟಿನಲ್ಲಿ ಏನೋ ಗುನುಗುತ್ತಿದ್ದ.

ಅತಿಥಿಗಳು ಮರುದಿನ ಹೊರಟರು. ಅದರ ಮರುದಿನ ಬೆಳಿಗ್ಗೆ ನಾನು ಗೋದಾಮಿನ ಸುತ್ತಿಗೆ ಹೋದಾಗ ಗೇಟಿನ ಮುಂದೆ ಟ್ರ್ಯಾಕ್ಟರುಗಳು ನಿಂತಿದ್ದವು. ತುಂಬಿದ ಟ್ರ್ಯಾಕ್ಟರುಗಳಲ್ಲ, ಖಾಲಿಯವು. ಮೊಳಕಾಲ್ಮೂರಿನ ಕಡೆಯ ರೈತರು. ಯಾರೂ ಜಗಳಕ್ಕೆ ಬಂದಿರಲಿಲ್ಲ. ಎಲ್ಲರೂ ಮುಖ ತೊಳೆದು, ವಿಭೂತಿ ಇಟ್ಟು, ನೆಂಟರ ಮನೆಗೆ ಬಂದವರ ಹಾಗೆ ನಿಂತಿದ್ದರು. ಜಗಳಕ್ಕೆ ಬಂದವನನ್ನಾದರೆ ಸಮಾಧಾನ ಮಾಡಬಹುದು.

"ಏನಪ್ಪಾ ಇಷ್ಟು ಹೊತ್ತಿಗೆ?"

ಹಿರಿಯ ರೈತನೊಬ್ಬ ಮುಂದೆ ಬಂದ. "ಚೀಲ ಒಯ್ಯೋಣ ಅಂತ ಯಜಮಾನ್ರೆ."

"ಯಾಕೆ?"

"ನಾವು ಹಾಕಿದ್ದು ನಿಮ್ಮ ಗೋದಾಮಿಗೆ. ಹೊಸಬ್ರು ಹೆಂಗೋ ಏನೋ."

"ಯಾವ ಹೊಸಬ್ರು?"

ಅವನು ಸೊಸೆಯ ಕಡೆ ನೋಡಿದ. ಅವಳು ಅಷ್ಟರಲ್ಲಿ ಆಫೀಸಿನಿಂದ ಹೊರಗೆ ಬಂದಿದ್ದಳು. "ಅಮ್ಮಾರು ಟವಲ್ ಹೊದ್ಕಂಡ್ರಲ್ಲ. ನಾವೇ ಕಣ್ಣಾರೆ ಕಂಡ್ವಿ," ಎಂದ.

ಆಗ ನನಗೆ ಎಲ್ಲ ತಿಳಿಯಿತು. ನಮ್ಮ ಸೀಮೆಯ ಕಣದಲ್ಲಿ, ಕುರಿ ಸಂತೆಯಲ್ಲಿ, ದರವನ್ನು ಬಾಯಲ್ಲಿ ಹೇಳುವುದಿಲ್ಲ. ದಲಾಲಿ ಕೈಯ ಮೇಲೆ ಟವಲ್ ಹರಡುತ್ತಾನೆ. ಕೊಳ್ಳುವವನು ಅದರ ಕೆಳಗೆ ಕೈ ಇಟ್ಟು ದಲಾಲಿಯ ಬೆರಳು ಹಿಡಿಯುತ್ತಾನೆ. ಎಷ್ಟು ಬೆರಳು, ಯಾವ ಬೆರಳು ಎಂಬುದು ಆ ಇಬ್ಬರಿಗೆ ಮಾತ್ರ ಗೊತ್ತು. ದರ ಕುದುರಿದರೆ ದಲಾಲಿ ಆ ಟವಲನ್ನು ಮಾರುವವನ ಹೆಗಲ ಮೇಲೆ ಹಾಕುತ್ತಾನೆ. ಅವನು ತೆಗೆದು ಕೆಳಗೆ ಹಾಕಿದರೆ ಒಪ್ಪಿಗೆಯಿಲ್ಲ. ಹೊದ್ದುಕೊಂಡರೆ ಮಾಲು ಹೋಯಿತು.

ನಾನು ಔಷಧಿ ಅಂಗಡಿಯಲ್ಲಿದ್ದಾಗ ನಡೆದದ್ದನ್ನು ರೈತರೂ ಸೊಸೆಯೂ ಒಬ್ಬರ ಮಾತಿಗೆ ಒಬ್ಬರು ಸೇರಿಸುತ್ತ ಹೇಳಿದರು. ಇಲ್ಲಿ ದರ ಹೇಗೆ ಕಟ್ಟುತ್ತೀರಿ ಎಂದು ನೈರೋಬಿಯವಳು ಕೇಳಿದ್ದಾಳೆ. ದಲಾಲಿ ಟವಲ್ ಹರಡಿದ್ದಾನೆ. ಹೈದರಾಬಾದಿನವನು ಮುಂದೆ ಬಂದು ಕೈ ಇಟ್ಟಿದ್ದಾನೆ. ಏನು ಬೇಕಯ್ಯಾ ಎಂದು ದಲಾಲಿ ತೆಲುಗಿನಲ್ಲಿ ಕೇಳಿದರೆ, ಮಿಲ್ಲು ಬೇಕು ಎಂದು ಅವನೂ ತೆಲುಗಿನಲ್ಲೇ ಹೇಳಿದ್ದಾನೆ. ಕಣವೆಲ್ಲ ನಕ್ಕಿದೆ. ಟವಲ್ ಕೆಳಗೆ ಬೆರಳು ಆಡಿವೆ. ದಲಾಲಿಯ ನಗು ನಿಂತಿದೆ. ಆಮೇಲೆ ಅವನು ನಿಧಾನವಾಗಿ ಹೋಗಿ ಟವಲನ್ನು ಸೊಸೆಯ ಹೆಗಲ ಮೇಲೆ ಹಾಕಿದ್ದಾನೆ. ದಾವಣಗೆರೆಯ ಸಭೆಗಳಲ್ಲಿ ಶಾಲು ಹೊದಿಸಿದರೆ ಏನು ಮಾಡುತ್ತಾರೋ ಅದನ್ನೇ ಇವಳು ಮಾಡಿದ್ದಾಳೆ. ಎದ್ದು ಕೈ ಮುಗಿದಿದ್ದಾಳೆ, ಫೋಟೋಕ್ಕೆ ನಿಂತಿದ್ದಾಳೆ. ನಮ್ಮ ಮನೆಯ ಹೆಂಗಸರು ಅಲ್ಲಿಯ ತನಕ ಕಣಕ್ಕೆ ಹೋದವರಲ್ಲ. ಈ ವಿಷಯವನ್ನು ಅವಳಿಗೆ ಯಾರು ಹೇಳಿಕೊಡಬೇಕಿತ್ತು?

ದಲಾಲಿಗೆ ಫೋನು ಮಾಡಿದೆ. "ಅದು ತಮಾಷೆ ಕಣಯ್ಯಾ. ಅತಿಥಿಗಳಿಗೆ ತೋರಿಸಿದ್ದು."

"ಟವಲ್ ಕೆಳಗೆ ತಮಾಷೆ ಇಲ್ಲ ಸಾವ್ಕಾರ್ರೆ. ನಮ್ಮಪ್ಪನ ಕಾಲದಿಂದ್ಲೂ ಇಲ್ಲ."

"ಅವನು ಏನು ಹಿಡಿದ?"

"ಅದನ್ನ ಕೇಳಬ್ಯಾಡ್ರಿ."

"ನನಗೂ ಹೇಳಲ್ವಾ?"

"ನಿಮಗೆ ಹೇಳಿದ್ರೆ ನಾಳೆ ನಿಮ್ಮ ದರಾನೂ ಇನ್ನೊಬ್ಬನಿಗೆ ಹೇಳ್ತೀನಿ ಅಂತ ಆಗ್ತೈತೆ. ಒಂದು ಮಾತು ಹೇಳ್ತೀನಿ. ಆಡೋನು ಹಂಗೆ ಹಿಡಿಯಲ್ಲ."

ತಮಾಷೆಗೆ ಆಡುವವನು ಹಾಗೆ ಹಿಡಿಯುವುದಿಲ್ಲ. ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ರೈತರನ್ನು ಒಂದು ದಿನ ತಡೆಯಿರಿ ಎಂದು ಬೇಡಿ, ಉಪ್ಪಿಟ್ಟು ಕೊಟ್ಟು ಕೂರಿಸಿ, ಸೊಸೆಯನ್ನು ಆಫೀಸಿನೊಳಗೆ ಕರೆದೆ.

"ನಿಜ ಹೇಳವ್ವ. ಮಿಲ್ ಮಾರೋ ಮಾತು ಐತಾ?"

ಅವಳು ಮೊದಲು ಆಫೀಸಿನ ಬಾಗಿಲು ಹಾಕಿ ಬಂದಳು. ಅದರಿಂದ ನನ್ನ ಅನುಮಾನ ಇಮ್ಮಡಿಯಾಯಿತು.

"ನಮ್ಮ ತಂಡ ಮೂರು ದಾರಿ ಇಟ್ಟೈತೆ ಮಾವ. ನಮ್ಮ ಎಣ್ಣೆ ನಾವೇ ಗಲ್ಫಿಗೆ ಕಳಿಸೋದು ಒಂದು. ಅಲ್ಲಿನ ಕಂಪನಿ ಜೊತೆ ಪಾಲು ಮಾಡ್ಕೊಳ್ಳೋದು ಒಂದು. ದೊಡ್ಡ ಕಂಪನಿಗೆ ಕೊಟ್ಟು ಹೊರಗೆ ಬರೋದು ಒಂದು."

"ಮೂರನೇದು ಆ ಹೈದರಾಬಾದಿನವನು ಸೇರ್ಸಿದ್ದಾ?"

"ನಾನು ಸೇರ್ಸಿದ್ದು."

ಹೊರಗೆ ಯಾರೋ ಟ್ರ್ಯಾಕ್ಟರ್ ಚಾಲೂ ಮಾಡಿ ಆರಿಸಿದರು.

"ನಮ್ಮ ಮನೆ ಮಿಲ್ ಅಂತ ಕಣ್ಣು ಮುಚ್ಕೊಂಡ್ರೆ ಸಲಹೆ ಕೊಡೋಕಾಗಲ್ಲ ಅಂತ ಹೇಳಿಕೊಡ್ತಾರೆ. ಎಲ್ಲಾ ಬಾಗಿಲೂ ತೆಗೆದು ನೋಡ್ಬೇಕು. ನೋಡಿದ್ದಕ್ಕೇ ಹೋಗ್ತೀನಿ ಅಂತಲ್ಲ."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನೋಡೋಕೂ ಬಿಡ್ತಿರ್ಲಿಲ್ಲ."

ಅದು ಸುಳ್ಳಲ್ಲ. ಆದರೂ ನನಗೆ ಸಮಾಧಾನವಾಗಲಿಲ್ಲ. ಮಾರುವ ಮನಸ್ಸಿಲ್ಲದವರು ಮಾರುವ ಲೆಕ್ಕ ಯಾಕೆ ಹಾಕುತ್ತಾರೆ? ಹೈದರಾಬಾದಿನವನು ಹಿಡಿದ ಬೆರಳಿನ ಹಿಂದೆ ಇವಳು ಹೇಳಿದ ಯಾವುದಾದರೂ ಮಾತು ಇತ್ತೇ? ನಾನು ಕೇಳಲಿಲ್ಲ. ಅವಳು ಅವನಿಗೆ ಫೋನು ಮಾಡಿದಾಗ ಸ್ಪೀಕರ್ ಹಾಕಿದಳು, ನಾನು ಕೇಳಲಿ ಎಂದೇ. ಅವನು ಮೊದಲು ನಕ್ಕ. ಆಮೇಲೆ ಗಾಬರಿಯಾದ. ಕೈಗೆ ಸಿಕ್ಕ ಬೆರಳು ಹಿಡಿದೆ ಅಷ್ಟೆ ಎಂದ. ಬಂದು ಎಲ್ಲರ ಮುಂದೆ ಹೇಳಿ ಹೋಗಿ ಎಂದರೆ, ಮುಂದಿನ ವಾರ ನೋಡೋಣ ಎಂದ.

ಮುಂದಿನ ವಾರದವರೆಗೆ ಕಾದರೆ ಗೋದಾಮಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಹೀಗೆ ಆದ ವ್ಯಾಪಾರ ಮುರಿಯಲು ಒಂದೇ ದಾರಿ. ಅದೇ ಕಣದಲ್ಲಿ, ಅದೇ ಜನರ ಎದುರು, ಕೊಂಡವನೋ ಕೊಟ್ಟವನೋ ಮತ್ತೆ ಟವಲ್ ಕೆಳಗೆ ಕೈ ಇಡಬೇಕು. ದಲಾಲಿ ತೃಪ್ತನಾದರೆ ಟವಲ್ ಕೊಡವಿ ತನ್ನ ಹೆಗಲಿಗೆ ಹಾಕಿಕೊಳ್ಳುತ್ತಾನೆ. ಕೊಟ್ಟವನ ಕಡೆಯಿಂದ ನಾನು ಹೋಗುತ್ತೇನೆ ಎಂದು ಎದ್ದೆ.

"ಟವಲ್ ಬಿದ್ದಿದ್ದು ನನ್ನ ಹೆಗಲ ಮ್ಯಾಲೆ ಮಾವ," ಎಂದಳು ಸೊಸೆ. "ನೀವು ಹೋದ್ರೆ ಯಜಮಾನ್ರು ಮಾತು ತಿರುಗಿಸಿದ್ರು ಅಂತಾರೆ. ನನ್ನ ಮಾತು ಹಂಗೇ ಉಳೀತೈತೆ."

ರೈತರ ಟ್ರ್ಯಾಕ್ಟರುಗಳ ಹಿಂದೆಯೇ ನಮ್ಮ ಜೀಪು ಹೋಯಿತು. ಖಾಲಿ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ನಿಧಾನವಾಗಿ ಹೋಗುವುದು ಶವದ ಮೆರವಣಿಗೆಯ ಹಿಂದೆ ಹೋದ ಹಾಗಿರುತ್ತದೆ. ತಳಕಿನಲ್ಲಿ ಯಾರೂ ಇಳಿಯಲಿಲ್ಲ.

ಕಣದಲ್ಲಿ ಜನ ಮೊನ್ನೆಗಿಂತ ಹೆಚ್ಚು. ಪಕ್ಕದ ಹಳ್ಳಿಗಳಿಂದಲೂ ಬಂದಿದ್ದರು. ಸೊಸೆ ಮಡಚಿದ ಟವಲ್ ತೆಗೆದು ದಲಾಲಿಯ ಕೈಗೆ ಕೊಟ್ಟು ಬಲಗೈಯ ಬಳೆ ಹಿಂದಕ್ಕೆ ಸರಿಸಿಕೊಂಡಳು. ಅವನು ತಲೆ ಕೆರೆದುಕೊಂಡ.

"ಹೆಣ್ಮಕ್ಕಳು ಕೈ ಇಟ್ಟಿಲ್ಲಮ್ಮ ಇದ್ರಾಗೆ."

"ಹೆಗಲಿಗೆ ಹಾಕೋವಾಗ ನಾನು ಹೆಣ್ಮಗಳು ಅಂತ ಗೊತ್ತಾಗ್ಲಿಲ್ವಾ?"

ಹಿಂದೆ ಯಾರೋ, "ಹಾಕೋ ಮಾರಾಯ, ಬಿಸ್ಲು ಏರ್ತಾ ಐತೆ," ಎಂದರು. ಇನ್ನೊಬ್ಬ ಮುದುಕ, "ಅವನು ಅವನ ಹೆಂಡ್ತಿ ಕೈ ಹಿಡಿದೇ ಎಷ್ಟು ವರ್ಷ ಆತೋ, ನಾಚಿಕೆ ಪಡ್ತಾನೆ," ಎಂದ. ಜನ ನಕ್ಕರು. ದಲಾಲಿ ನಗಲಿಲ್ಲ. ಟವಲ್ ಹರಡಿದ.

ಅವರ ಕೈಗಳು ಅದರ ಕೆಳಗೆ ಬಹಳ ಹೊತ್ತು ಇದ್ದವು. ಇಲ್ಲ ಎಂದು ಹೇಳಲು ಅಷ್ಟು ಹೊತ್ತು ಬೇಕಾಗಿಲ್ಲ. ಮುಷ್ಟಿ ಮುಚ್ಚಿದರೆ ಮಾಲು ಇಲ್ಲ ಎಂದರ್ಥ. ಅದಕ್ಕೆ ಒಂದು ಗಳಿಗೆ ಸಾಕು. ಬಟ್ಟೆ ಒಂದು ಕಡೆ ಎದ್ದಿತು, ಇಳಿಯಿತು, ಮತ್ತೆ ಎದ್ದಿತು. ಸೊಸೆಯ ಮುಖದಲ್ಲಿ ಏನೂ ಕಾಣಲಿಲ್ಲ. ದಲಾಲಿ ಒಮ್ಮೆ ಮಾತ್ರ ಕಣ್ಣೆತ್ತಿ ಅವಳನ್ನು ನೋಡಿದ. ಶೇಂಗಾದ ಗಿಡದಲ್ಲಿ ಎಣಿಕೆಗಿಂತ ಹೆಚ್ಚು ಕಾಯಿ ಕಂಡಾಗ ಅವನು ನೋಡುವುದು ಹಾಗೆಯೇ.

ಆಮೇಲೆ ಟವಲ್ ಎಳೆದು, ಎರಡು ಸಲ ಕೊಡವಿ, ತನ್ನ ಹೆಗಲಿಗೆ ಹಾಕಿಕೊಂಡ. "ಯಾಪಾರ ಇಲ್ಲ," ಎಂದ.

ಜನ ಚದುರಿದರು. ಹಿರಿಯ ರೈತ ನನ್ನ ಹತ್ತಿರ ಬಂದು, ಚೀಲ ಇದ್ದಲ್ಲೇ ಇರಲಿ ಎಂದ. ಮೂರು ಮನೆಯವರು ಮಾತ್ರ ಮುಂದಿನ ವಾರ ಬಂದು ತಮ್ಮ ಪಾಲಿನ ಶೇಂಗಾ ಒಯ್ದು ಬೇರೆ ಮಿಲ್ಲಿಗೆ ಹಾಕಿದರು. ಅವರನ್ನು ನಾನು ದೂರುವುದಿಲ್ಲ. ಅವರ ಜಾಗದಲ್ಲಿದ್ದರೆ ನಾನೂ ಒಯ್ಯುತ್ತಿದ್ದೆ. ಉಳಿದವರ ಕಾಯಿ ನಮ್ಮಲ್ಲೇ ಒಡೆಯಿತು. ಆ ವರ್ಷ ಮಿಲ್ಲು ನಡೆಯಿತು.

ತಂಡದ ಪ್ರಾಜೆಕ್ಟು ಒಪ್ಪಿಗೆಯಾಯಿತೆಂದು ಸೊಸೆ ಹೇಳಿದಳು. ಮೂರನೆಯ ದಾರಿ ಅದರಲ್ಲಿ ಉಳಿಯಿತೇ ಎಂದೆ. ಉಳಿಯಿತು, ಅದು ಯಾಕೆ ಬೇಡ ಎಂಬ ನಾಲ್ಕು ಮಾತಿನೊಂದಿಗೆ ಎಂದಳು. ಆ ನಾಲ್ಕು ಮಾತು ಓದಿ ಹೇಳಿದಳು ಕೂಡ. ಕರಾರಿಲ್ಲದೆ ಶೇಂಗಾ ಬಿಟ್ಟುಹೋಗುವವರು ಮಿಲ್ಲಿನ ಜೊತೆ ಮಾರಾಟವಾಗುವುದಿಲ್ಲ. ಅವರಿಲ್ಲದ ಮಿಲ್ಲು ಬರೀ ಕಬ್ಬಿಣ. ಸರಿಯಾದ ಮಾತು. ಇಷ್ಟು ಸರಿಯಾಗಿ ಬರೆದವಳ ಮೇಲೆ ಅನುಮಾನ ಪಡಬಾರದು ಎಂದು ನನಗೂ ಗೊತ್ತು.

ಆದರೂ ಒಂದು ಸಂಜೆ ಹಿಂಡಿಯ ರಾಶಿಯ ಹತ್ತಿರ ಅವಳು ಒಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ.

"ಅವತ್ತು ಟವಲ್ ಕೆಳಗೆ ಅಷ್ಟು ಹೊತ್ತು ಏನು ನಡೀತವ್ವ?"

ಅವಳು ಹಿಂಡಿಯ ಚೂರೊಂದನ್ನು ಮುರಿದು ಮೂಸಿ ನೋಡಿ, ರಾಶಿಗೆ ಎಸೆದಳು.

"ಅದನ್ನ ಕೇಳಬಾರದು ಮಾವ. ಕಟ್ಟಳೆ ಐತೆ."

ಕಟ್ಟಳೆಯಲ್ಲೇ ಬೆಳೆದವನು ನಾನು. ಮತ್ತೆ ಕೇಳಲಿಲ್ಲ. ಈಗ ಮೊಳಕಾಲ್ಮೂರಿನ ದಲಾಲಿ ತಿಂಗಳಿಗೊಮ್ಮೆ ಮಿಲ್ಲಿಗೆ ಬಂದರೆ ನನಗೆ ನಮಸ್ಕಾರ ಹೇಳಿ ನೇರವಾಗಿ ಅವಳ ಆಫೀಸಿಗೆ ಹೋಗುತ್ತಾನೆ. ಇಬ್ಬರೂ ಬಾಗಿಲು ತೆರೆದಿಟ್ಟುಕೊಂಡೇ ಮಾತಾಡುತ್ತಾರೆ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಕಾಫಿ ಕುಡಿಯುತ್ತೇನೆ. ಕೇಳಿಸುವುದೆಲ್ಲ ಶೇಂಗಾದ ಮಾತೇ.